ಏಳು ತಿಂಗಳಿಗೆ ಹುಟ್ಟಿದ ಮೊಮ್ಮಗಳು, ನನ್ನ ತಪ್ಪು ಲೆಕ್ಕ

ಈ ಸಲ ಬೆಳೆ ವಿಚಾರ ಕಮ್ಮಿ, ಮನೆ ವಿಚಾರ ಜಾಸ್ತಿ.

ಸಂಕ್ರಾಂತಿ ಹಿಂದಿನ ದಿನ ಹೊಲದಲ್ಲಿ ಅವರೆಕಾಯಿ ಬಿಡಿಸ್ತಾ ಇದ್ವಿ. ಸುತ್ತ ಅಪಾರ್ಟ್‌ಮೆಂಟು, ಮಧ್ಯೆ ನಮ್ಮ 30 ಗುಂಟೆ. ಮಹದೇವಪುರ ಕಡೆಯವರಿಗೆ ಹೇಳಬೇಕಾಗಿಲ್ಲ. ಕುಕ್ಕೆ ಹಿಡ್ಕೊಂಡು ನಿಂತಿದ್ದ ಮೊಮ್ಮಗಳು ಕೈ ಬಿಟ್ಟು ನಾಲ್ಕು ಹೆಜ್ಜೆ ಹಾಕಿ ನನ್ನ ಮೊಣಕಾಲ ಮೇಲೆ ಬಿದ್ದಳು. ಎಲ್ಲರೂ ಕೂಗಾಡಿದ್ರು. ಸೊಸೆ ಮಾತ್ರ ಮಗು ಕಡೆ ನೋಡದೆ ನನ್ನ ಮುಖ ನೋಡಿದಳು. ಯಾಕೆ ನೋಡಿದಳು ಅಂತ ನನಗೆ ಗೊತ್ತು.

ಮಗುವಿಗೆ ಡಾಕ್ಟರು ಕೊಟ್ಟಿದ್ದ ದಿನ ದೀಪಾವಳಿ ಕಳೆದ ಮೇಲೆ. ಹುಟ್ಟಿದ್ದು ಗೌರಿ ಹಬ್ಬದ ಹೊತ್ತಿಗೆ, 30 ವಾರಕ್ಕೇ. ತೂಕ 1 ಕೆಜಿ 250 ಗ್ರಾಂ. 38 ದಿನ ಆಸ್ಪತ್ರೆಯಲ್ಲೇ ಇತ್ತು. ಆಮೇಲೂ ಮಗ ಶಿಫ್ಟ್ ಮುಗಿಸಿ ಬಂದು, ಶರ್ಟ್ ಬಿಚ್ಚಿ, ಮಗೂನ ಬರೀ ಎದೆಗೆ ಕಟ್ಕೊಂಡು ಕೂರ್ತಿದ್ದ. ಕಾಂಗರೂ ಆರೈಕೆ ಅಂತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ಊರಿನ ಆಸ್ಪತ್ರೆಯಲ್ಲಿ ಶುರುವಾಗಿದ್ದಂತೆ.

9 ತಿಂಗಳಾದಾಗ ತೊಂದರೆ ಮಾಡಿದ್ದು ನಾನು. ಅದೇ ವಾರ ಹುಟ್ಟಿದ ಪಕ್ಕದ ಮನೆ ಮಗು ಗೋಡೆ ಹಿಡಿದು ನಿಲ್ತಿತ್ತು. ನಮ್ಮದು ಕೂರಿಸಿದ್ರೆ ವಾಲ್ತಿತ್ತು. ನಾನು ಹೋಗಿ ವಾಕರ್ ತಂದೆ. ನೆಂಟರ ಮುಂದೆ ಸೊಸೆಗೆ, "ನಿಮ್ಮ ಕಡೆ ಯಾರಿಗಾದ್ರೂ ಹಿಂಗಿತ್ತೇನಮ್ಮಾ?" ಅಂತ ಕೇಳಿಬಿಟ್ಟೆ. ಅವಳು ಏನೂ ಅನ್ನಲಿಲ್ಲ. ಆ ದಿನದಿಂದ ಮಗೂನ ಬೀದಿಗೆ ಎತ್ತಿಕೊಂಡು ಬರೋದೇ ನಿಲ್ಲಿಸಿದಳು.

ದಡಾರದ ಚುಚ್ಚುಮದ್ದು ಹಾಕಿಸೋಕೆ ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಪೇಪರ್ ಮೇಲೆ ಬರೆದು ತೋರಿಸಿದ್ರು. ತುಂಬಿದ ಬಸಿರು 40 ವಾರ. ಮಗು ಬಂದಿದ್ದು 30ಕ್ಕೆ. 10 ವಾರ ಅಂದ್ರೆ ಹೆಚ್ಚುಕಮ್ಮಿ ಎರಡೂವರೆ ತಿಂಗಳು ಕಳೀಬೇಕು. ಅಲ್ಲಿಗೆ ನಮ್ಮ ಮಗು ಆರೂವರೆ ತಿಂಗಳಿನದು. ಕೂರೋದು, ನಿಲ್ಲೋದು, ಮಾತು, ಎಲ್ಲಾ ಈ ವಯಸ್ಸಿನ ಮೇಲೆ ನೋಡಬೇಕು. ಸುಮಾರು 2 ವರ್ಷ ತುಂಬೋವರೆಗೂ ಇದೇ ಲೆಕ್ಕ. ಚುಚ್ಚುಮದ್ದಿಗೆ ಮಾತ್ರ ಹುಟ್ಟಿದ ತಾರೀಖೇ ಲೆಕ್ಕ, ಅದನ್ನು ಮುಂದೆ ಹಾಕಬಾರದು. ವಾಕರ್ ಕೊಡಲೇಬೇಡಿ, ನೆಲದ ಮೇಲೆ ಬಿಡಿ ಅಂದ್ರು.

ನನಗೆ ನಾಚಿಕೆ ಆಯ್ತು. ಆಷಾಢದಲ್ಲಿ ಬಿತ್ತಿದ ರಾಗಿ, ಶ್ರಾವಣದಲ್ಲಿ ಬಿತ್ತಿದ ರಾಗಿ ಒಂದೇ ದಿನ ತೆನೆ ಬಿಡಲಿಲ್ಲ ಅಂತ ನಾವು ಯಾವತ್ತಾದ್ರೂ ಬೈತೀವಾ? ಬಿತ್ತಿದ ದಿನದಿಂದ ಲೆಕ್ಕ ಹಾಕ್ತೀವಿ. ಮನೆ ಮಗುವಿಗೆ ಆ ಲೆಕ್ಕ ನೆನಪಾಗಲಿಲ್ಲ.

ಹಂಗಂತ ತಾಳ್ಮೆ ಅಂದ್ರೆ ಸುಮ್ಮನೆ ಕೂರೋದಲ್ಲ. ಕೈಕಾಲು ಬಿಗಿ ಹಿಡಿದಿದ್ರೆ, ಒಂದೇ ಕೈ ಆಡಿಸ್ತಿದ್ರೆ, ಮುಖ ನೋಡದಿದ್ರೆ, ಶಬ್ದಕ್ಕೆ ತಿರುಗದಿದ್ರೆ, ಕಲಿತಿದ್ದನ್ನು ಬಿಟ್ಟರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ದಿನ ತುಂಬದ ಮಗುವಿನ ಕಣ್ಣಿನ ಪರೀಕ್ಷೆ ಹುಟ್ಟಿದ 30 ದಿನದೊಳಗೆ ಆಗಬೇಕು. ತಡವಾದ್ರೆ ಕಣ್ಣೇ ಹೋಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಕಿಡ್‌ರಾಪ್ ಅನ್ನೋ ಹೆಸರಲ್ಲಿ ಜಿಲ್ಲೆಗಳಿಗೂ ಹೋಗಿ ಇದನ್ನೇ ಮಾಡ್ತಿದ್ದಾರೆ. ಬೆಳವಣಿಗೆ ಬಗ್ಗೆ ಅನುಮಾನ ಇದ್ರೆ ಅಂಗನವಾಡಿಯಲ್ಲಿ ಕೇಳಿ. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಪುಕ್ಕಟೆ.

ನಮ್ಮ ಮಗು ಹತ್ತೂವರೆ ತಿಂಗಳಿಗೆ ನೆಟ್ಟಗೆ ಕೂತಳು. ಹದಿನಾರಕ್ಕೆ ನಡೆದಳು. ಕಳೆದು ನೋಡಿದ್ರೆ ಹದಿಮೂರೂವರೆ. ತಡ ಎಲ್ಲಿ ಆಯ್ತು? ಈ ಲೆಕ್ಕ ಹಾಕಿದ್ರೂ ತಡವಾಗಿ ನಡೆಯೋ ಮಕ್ಕಳು ಇರ್ತಾರೆ. ಅವರ ತಾಯಂದಿರಿಗೂ ನನ್ನಂಥವರ ಮಾತು ಬೇಡ.

ವಾಕರ್ ಈಗ ಕೊಟ್ಟಿಗೆ ಅಟ್ಟದ ಮೇಲಿದೆ. ಸೊಸೆಗೆ ತಪ್ಪಾಯ್ತು ಅಂತ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಈ ಪೇಜ್ ಅವಳೂ ಓದ್ತಾಳೆ. ತಪ್ಪಾಯ್ತಮ್ಮ. ನೆಂಟರ ಮುಂದೆ ಅಂದಿದ್ದೆ, ಅದಕ್ಕೇ ಎಲ್ಲರ ಮುಂದೆ ಬರೆದಿದ್ದೀನಿ.