ಬಾಯಿ ಬಿಡುವ ಧೈರ್ಯ

ಐವರ್ನಾಡು, ಜೂನ್ 9, 2024

ತಂಗಿಯ ಮಗಳು ಜರ್ಮನ್ ಕಲಿಯುತ್ತಿದ್ದಾಳೆ. ನರ್ಸಿಂಗ್ ಮುಗಿಸಿದವಳು; ಜರ್ಮನಿಯಲ್ಲಿ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಆ ಭಾಷೆಯಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಎಲ್ಲ ಬಾಯಿಪಾಠವಾಗಿದೆ. “ಮಾವ, ಬರೀಲಿಕ್ಕೆ ಕೊಟ್ಟರೆ ಬರೀತೇನೆ. ಮಾತಾಡು ಅಂದ್ರೆ ಕೈಕಾಲು ತಣ್ಣಗಾಗ್ತದೆ” ಅಂದಳು. ತರಗತಿಯಲ್ಲಿ ಒಮ್ಮೆ ತಪ್ಪಿದಾಗ ಉಳಿದವರು ನಕ್ಕಿದ್ದರಂತೆ. ಆಮೇಲೆ ಅವಳು ಅಲ್ಲಿ ಬಾಯಿಯೇ ಬಿಟ್ಟಿಲ್ಲ.

ಜೂನ್ 12

ಈ ಹೆದರಿಕೆಯನ್ನು ಅಳೆಯಲು ಭಾಷಾ ಕಲಿಕೆಯ ಸಂಶೋಧಕಿ ಎಲೈನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ 33 ಹೇಳಿಕೆಗಳ ಪ್ರಶ್ನಾವಳಿ ಪ್ರಕಟಿಸಿದರು. ಅವರು ಕೊಡುವ ಕಾರಣ ನನಗೆ ಒಪ್ಪಿಗೆ. ಬೆಳೆದವರು ಸ್ವಂತ ಭಾಷೆಯಲ್ಲಿ ಜಾಣರು, ಮರ್ಯಾದಸ್ಥರು. ಹೊಸ ಭಾಷೆಯಲ್ಲಿ ಅವರೇ ತೊದಲಬೇಕು. ಅಲುಗಾಡುವುದು ಶಬ್ದಭಂಡಾರವಲ್ಲ, ತಾನು ಯಾರೆಂಬ ಭಾವನೆ.

ಜೂನ್ 15

ಮಳೆ ಜೋರು, ರಬ್ಬರ್ ಟ್ಯಾಪಿಂಗ್ ಇಲ್ಲ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ದುಡಿದ ಹಿರಿಯ ತಮಿಳು ಹೆಂಗಸೊಬ್ಬರು ಮನೆಗೆ ಬಂದಿದ್ದರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದವರಲ್ಲಿ ಅನೇಕ ಕುಟುಂಬಗಳು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿದವು. ಇವರು ನನ್ನ ಹೆಂಡತಿಯೊಡನೆ ತುಳುವಿನಲ್ಲೇ ಸಂಜೆಯವರೆಗೆ ಮಾತಾಡಿದರು. ಅಲ್ಲಲ್ಲಿ ತಮಿಳಿನ ಪ್ರತ್ಯಯ, ನಡುವೆ ಕನ್ನಡ. ನಮ್ಮಲ್ಲಿ ಯಾರೂ ನಗಲಿಲ್ಲ, ತಿದ್ದಲೂ ಇಲ್ಲ. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಊರು ಇದು. ಅರ್ಧಂಬರ್ಧ ಮಾತು ಕೇಳಿ ಅರ್ಥ ಹಿಡಿಯುವುದು ನಮಗೆ ರೂಢಿ.

ಆದರೆ ಒಂದು ಮಾತು ಬರೆದಿಡಲೇಬೇಕು. ಅವರ ತುಳು ಕೆಲಸಕ್ಕೆ ಸಾಕಾಗುವಷ್ಟಾದ ಮೇಲೆ ಅಲ್ಲಿಯೇ ನಿಂತಿದೆ. ಕಲಿಕೆ ಹೀಗೆ ನಡುದಾರಿಯಲ್ಲಿ ಗಟ್ಟಿಯಾಗಿ ಬಿಡುವುದನ್ನು ಭಾಷಾಶಾಸ್ತ್ರಜ್ಞ ಲ್ಯಾರಿ ಸೆಲಿಂಕರ್ 1972ರಲ್ಲೇ ಗುರುತಿಸಿದ್ದರು. ರೋಗಿಗೆ ಮದ್ದಿನ ಪ್ರಮಾಣ ಹೇಳಬೇಕಾದ ನರ್ಸಿಗೆ ಅಷ್ಟು ಸಾಲದು. ತಿದ್ದುವವರು ಬೇಕೇ ಬೇಕು. ಯಾವಾಗ ತಿದ್ದುತ್ತಾರೆ ಎಂಬುದೇ ಪ್ರಶ್ನೆ.

ಜೂನ್ 20

ತಂಗಿಯ ಮಗಳು ಬೇರೆ ತರಗತಿಗೆ ಸೇರಿದ್ದಾಳೆ. ಅಲ್ಲಿನ ಶಿಕ್ಷಕಿ ಮಾತು ಮುಗಿಯುವ ತನಕ ಸುಮ್ಮನಿದ್ದು, ಕೊನೆಗೆ ಎರಡು ತಪ್ಪು ಮಾತ್ರ ಎತ್ತಿ ಹೇಳುತ್ತಾರಂತೆ. ನಿನ್ನೆ ಅವಳು ಅಡಿಕೆ ತೋಟದ ಬಗ್ಗೆ ಜರ್ಮನ್‌ನಲ್ಲಿ ಮಾತಾಡಿದಳು. ನಮ್ಮ ಶಾಲೆಗಳ ಇಂಗ್ಲಿಷ್ ಪಾಠವೂ ಹೀಗೆಯೇ ನಡೆಯಬೇಕು: ಮಗು ಮೊದಲು ವಾಕ್ಯ ಮುಗಿಸಲಿ, ತಿದ್ದುವುದು ಆಮೇಲೆ.