ಎಂಟು ಗಂಟೆಯ ದನಿ

ಕುಂಬಳೆಯ ಸಮೀಪದ ಆ ಮನೆಯಲ್ಲಿ ಪ್ರತಿದಿನ ಬೆಳಗ್ಗೆ 8 ಗಂಟೆಗೆ ಫೋನು ಸದ್ದು ಮಾಡಿ, ಔಷಧದ ಹೊತ್ತಾಯಿತೆಂದು ಇಂಗ್ಲಿಷಿನಲ್ಲಿ ಸಾರುತ್ತಿತ್ತು. 78 ವರ್ಷದ ಅಜ್ಜಿ ಕೂಡಲೇ ಎದ್ದು ಜಗಲಿಗೆ ನಡೆಯುತ್ತಿದ್ದರು. “ಯಾರೋ ಬಂದಿದ್ದಾರೆ, ಆಸರಿಗೆ ಕೊಡು” ಎಂದು ಸೊಸೆಗೆ ಹೇಳುತ್ತಿದ್ದರು. ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತಿತ್ತು.

ಅವರು ಕನ್ನಡ ಮಾಧ್ಯಮ ಶಾಲೆಯಲ್ಲಿ 30 ವರ್ಷ ಪಾಠ ಹೇಳಿದವರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ವ್ಯವಹಾರಕ್ಕೆ ಅಗತ್ಯವಾದ ಮಲೆಯಾಳವನ್ನೂ ಚೆನ್ನಾಗಿ ಕಲಿತಿದ್ದರು. ಮರೆವಿನ ಕಾಯಿಲೆ ಬಲಿತಂತೆ ಮೊದಲು ಇಂಗ್ಲಿಷ್, ಬಳಿಕ ಮಲೆಯಾಳ ದೂರವಾದವು. ಮಗ ಆ್ಯಪ್‌ನ ಭಾಷೆಯನ್ನು ಮಲೆಯಾಳಕ್ಕೆ ಬದಲಿಸಿದರೂ ಅಜ್ಜಿ ಜಗಲಿಗೇ ಹೋದರು.

ಡಿಮೆನ್ಶಿಯಾದಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಸಡಿಲಗೊಳ್ಳುತ್ತದೆ. ಹಳೆಯದು ಬಹುಕಾಲ ನಿಲ್ಲುತ್ತದೆ. ಹಲವರಲ್ಲಿ ಆಮೇಲೆ ಕಲಿತ ನುಡಿ ಹಿಂದೆ ಸರಿದು ತಾಯಿನುಡಿ ಉಳಿಯುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆಯಿದೆ. ಇವರಿಗಾಗಿ ರೂಪಿಸುವ ಸಾಧನ ಹೊಸತನ್ನು ಕಲಿಯಲು ಹೇಳಬಾರದು. ಉಳಿದಿರುವುದನ್ನು ಹುಡುಕಿ ಅದರ ಮೇಲೆ ನಿಲ್ಲಬೇಕು. ಗಡಿನಾಡಿನ ಮನೆಗಳಲ್ಲಿ ಆ ಉಳಿಕೆ ರಾಜ್ಯದ ಭಾಷೆಯೇ ಆಗಿರಬೇಕೆಂದಿಲ್ಲ.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ ರಜೆಯಲ್ಲಿ ಬಂದಾಗ ಒಂದು ವಾರ ಸುಮ್ಮನೆ ಅಜ್ಜಿಯನ್ನು ಗಮನಿಸಿದ. ಪರದೆಯಲ್ಲಿ ಎರಡು ಆಯ್ಕೆಗಳಿದ್ದರೆ ಅವರು ಕಂಗಾಲಾಗುತ್ತಿದ್ದರು. ಅವರು ಯೋಚಿಸುವಷ್ಟರಲ್ಲಿ ಪರದೆ ಕತ್ತಲಾಗುತ್ತಿತ್ತು. ಅವನು ಗುಪ್ತಸಂಖ್ಯೆಯನ್ನು ತೆಗೆದ, ಪರದೆ ಆರದಂತೆ ಮಾಡಿದ. ಒಂದು ಹೊತ್ತಿಗೆ ಒಂದೇ ಚಿತ್ರವನ್ನು ಉಳಿಸಿದ: ಅವರದೇ ಕೆಂಪು ಮಾತ್ರೆಡಬ್ಬಿಯ ಫೋಟೋ. ಕೆಳಗೆ ದಪ್ಪಕ್ಷರದಲ್ಲಿ ‘ಸೋಮವಾರ, ಬೆಳಗ್ಗೆ’. ಗಂಟೆಯ ಸದ್ದಿನ ಬದಲು ತನ್ನ ದನಿ: “ಅಜ್ಜೀ, ಎಂಟು ಗಂಟೆಯಾಯಿತು. ಕೆಂಪು ಡಬ್ಬಿಯ ಮಾತ್ರೆ ತೆಗೆದುಕೊಳ್ಳಿ.”

ಅಜ್ಜಿ “ಆಯಿತು ಮಗಾ” ಎಂದು ಮಾತ್ರೆ ನುಂಗಿದರು. ಮನೆಯವರು ಹಿಗ್ಗಿದರು.

ಅವನು ಬೆಂಗಳೂರಿಗೆ ಹೊರಟ ಮರುದಿನವೂ ಅಜ್ಜಿ ಮಾತ್ರೆ ತೆಗೆದುಕೊಂಡರು. ಬಳಿಕ ಕೋಣೆಕೋಣೆಗೂ ಹೋಗಿ ಹುಡುಕಿದರು. “ಈಗ ತಾನೇ ಕರೆದ. ಹುಡುಗ ಎಲ್ಲಿ?” ಎಂದು ಮಧ್ಯಾಹ್ನದವರೆಗೂ ಕೇಳಿದರು. ಅವನ ಪಾಲಿನ ದೋಸೆ ಮುಚ್ಚಿಟ್ಟೇ ಇತ್ತು.

ಸೊಸೆ ಇದನ್ನು ಫೋನಿನಲ್ಲಿ ತಿಳಿಸಿದಾಗ ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ. ಮಾತ್ರೆ ಹೊಟ್ಟೆಗೆ ಸೇರಿದರೆ ಸಾಧನ ಗೆದ್ದಿತೆಂದು ಅವನು ತಿಳಿದಿದ್ದ. ಆದರೆ ಅದು ಅಜ್ಜಿಗೆ ದಿನವೂ ಒಂದು ಸುಳ್ಳು ಹೇಳುತ್ತಿತ್ತು.

ಅದೇ ರಾತ್ರಿ ಅವನು ಧ್ವನಿಯನ್ನು ಮತ್ತೆ ಮುದ್ರಿಸಿ ಕಳುಹಿಸಿದ. ಕೊನೆಗೆ ಒಂದು ಮಾತು ಸೇರಿತ್ತು: “ನಾನು ಬೆಂಗಳೂರಿನಲ್ಲಿದ್ದೇನೆ ಅಜ್ಜೀ. ಸಂಜೆ ಫೋನು ಮಾಡುತ್ತೇನೆ.”

ಬೆಳಗ್ಗೆ ಕೇಳಿದ ಆ ಮಾತು ಸಂಜೆಗೆ ಅಜ್ಜಿಯ ನೆನಪಿನಲ್ಲಿ ಇರುವುದಿಲ್ಲ. ಆದರೂ ಅಂದಿನಿಂದ ಅವನು ಒಂದು ಸಂಜೆಯೂ ಫೋನು ಮಾಡದೆ ಉಳಿದಿಲ್ಲ.