ಲಾಕ್ ಗೇಟಿನ ಮುಂದೆ ನಮ್ಮನೆ ನೀರುಗಂಟಿ

ಕಳೆದ ಬೇಸಿಗೆಯಲ್ಲಿ ಇಂಗ್ಲೆಂಡಿನ ಮಗನ ಮನೆಗೆ ಹೋಗಿದ್ವಿ. ಒಂದು ಭಾನುವಾರ ಅವನು, "ಇವತ್ತು ನಾಲೆಯಲ್ಲಿ ದೋಣಿ ಪ್ರಯಾಣ" ಅಂದ. ನಮ್ಮನೆಯವರು ನಕ್ಕರು. "ನಾಲೆ ನೋಡೋಕೆ ಇಷ್ಟು ದೂರ ಬರಬೇಕಿತ್ತೇನೋ?"

ಚನ್ನರಾಯಪಟ್ಟಣದ ಕಡೆ ಹೇಮಾವತಿ ನಾಲೆಯ ತೂಬು ಎತ್ತಿ ಇಳಿಸುತ್ತಾ 30 ವರ್ಷ ಕಳೆದವರು ಅವರು. ಊರಿಗೆಲ್ಲ ನೀರುಗಂಟಿ. ನಾನು ಮಾತ್ರ ಬೀಗರ ಮುಂದೆ "ನೀರಾವರಿ ಇಲಾಖೆಯಲ್ಲಿದ್ರು" ಅಂತ ಮಾತು ತೇಲಿಸಿಬಿಡುತ್ತಿದ್ದೆ.

ನಾರ್ಥಾಂಪ್ಟನ್ ಹತ್ತಿರದ ಬ್ಲಿಸ್‌ವರ್ತ್ ಹಳ್ಳಿಯಲ್ಲಿ ಮಗನ ಸಹೋದ್ಯೋಗಿಯ ದೋಣಿ ಕಾದಿತ್ತು. ಹೊಳೆನರಸೀಪುರದ ಹೊಳೆಯಲ್ಲಿ ತೆಪ್ಪ ನೋಡಿ ಬೆಳೆದ ನನಗೆ ಅದು ನೀರಿನ ಮೇಲಿನ ರೈಲು ಡಬ್ಬಿಯಂತೆ ಕಂಡಿತು. ಅಗಲ ಏಳೇ ಅಡಿ, ಉದ್ದ 50 ಅಡಿಗೂ ಹೆಚ್ಚು. ಒಳಗೆ ಒಲೆ, ಸಿಂಕು, ಮಂಚ ಎಲ್ಲ ಇದೆ. ವೇಗದ ಮಿತಿ ಗಂಟೆಗೆ ಸುಮಾರು 6 ಕಿ.ಮೀ. ದಡದಲ್ಲಿ ನಾಯಿ ಹಿಡಿದು ನಡೆಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನೇ ಹಿಂದೆ ಹಾಕಿ ಕೈಬೀಸಿದರು! ಆ ದಾರಿಯಲ್ಲಿ ಹಿಂದೆ ಕುದುರೆಗಳು ಹಗ್ಗದಿಂದ ಸರಕಿನ ದೋಣಿ ಎಳೆಯುತ್ತಿದ್ದವಂತೆ. ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿದೆ.

ಅಷ್ಟರಲ್ಲಿ ಸುರಂಗ ಬಂತು. 1805ರಲ್ಲಿ ತೆರೆದದ್ದು, 2.8 ಕಿ.ಮೀ. ಉದ್ದ. ಕತ್ತಲು, ಮೇಲಿಂದ ತೊಟ್ಟಿಕ್ಕುವ ನೀರು. ಒಳಗೆ ಕುದುರೆ ನಡೆಯಲು ದಾರಿಯಿಲ್ಲ. ಹಾಗಾಗಿ ಆಗಿನ ಕಾಲದಲ್ಲಿ ಆಳುಗಳು ಹಲಗೆಯ ಮೇಲೆ ಮಲಗಿ, ಗೋಡೆಗೆ ಕಾಲು ಕೊಟ್ಟು ದೋಣಿ ತಳ್ಳುತ್ತಿದ್ದರಂತೆ. ನಮ್ಮನೆಯವರು ಮೆಲ್ಲಗೆ ಅಂದರು: "ತುಮಕೂರಿಗೆ ನೀರು ಹೋಗೋ ನಮ್ಮ ಬಾಗೂರು-ನವಿಲೆ ಸುರಂಗ ಇದಕ್ಕಿಂತ ಉದ್ದ ಕಣೇ."

ಆಚೆ ಬಂದರೆ ಸ್ಟೋಕ್ ಬ್ರೂರ್ನ್. ಅಲ್ಲಿ ನಾಲೆ ಏಳು ಲಾಕ್‌ಗಳಲ್ಲಿ ಮೆಟ್ಟಿಲಿನಂತೆ ಇಳಿಯುತ್ತದೆ. ಲಾಕ್ ಅಂದರೆ ಎರಡೂ ಕಡೆ ಗೇಟಿರುವ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ನೀರು ತುಂಬಿಸಿ ಏರಿಸುತ್ತಾರೆ, ಇಲ್ಲವೇ ಖಾಲಿ ಮಾಡಿ ಇಳಿಸುತ್ತಾರೆ. ಒಬ್ಬ ಹಿರಿಯರು ಹ್ಯಾಂಡಲ್ ತಿರುಗಿಸಿ ಸಣ್ಣ ಬಾಗಿಲು ಎತ್ತುತ್ತಿದ್ದರು.

"ಇದು ತೂಬೇ ಕಣೋ!" ನಮ್ಮನೆಯವರು ದಡಕ್ಕೆ ಇಳಿದೇಬಿಟ್ಟರು. ಮಗ ಆ ಹಿರಿಯರಿಗೆ ಇಂಗ್ಲಿಷಿನಲ್ಲಿ ಹೇಳಿದ: "ನಮ್ಮಪ್ಪ 30 ವರ್ಷ ಇದೇ ಕೆಲಸ ಮಾಡಿದ್ದಾರೆ." ಹಿರಿಯರು ತಕ್ಷಣ ಹ್ಯಾಂಡಲ್ಲನ್ನು ಇವರ ಕೈಗಿಟ್ಟರು.

ಇವರು ತಿರುಗಿಸಿದರು. ನೀರು ಭೋರೆಂದು ನುಗ್ಗಿತು. ನಂತರ ಗೇಟಿನ ಉದ್ದದ ಮರದ ತೊಲೆಗೆ ಇಬ್ಬರೂ ಬೆನ್ನು ಕೊಟ್ಟು ನಿಂತರು. ಮಗ ಅವಸರದಲ್ಲಿ ತಳ್ಳಲು ಹೋದ. "ತಡಿಯೋ. ಎರಡೂ ಕಡೆ ನೀರು ಸಮ ಆಗೋವರೆಗೂ ಆನೆ ತಳ್ಳಿದ್ರೂ ತೆಗಿಯಲ್ಲ" ಅಂದರು ಅಪ್ಪ. ಮಾತು ಬಾರದ ಆ ಹಿರಿಯರೂ ತಲೆಯಾಡಿಸಿ ನಕ್ಕರು. ಸ್ವಲ್ಪ ಹೊತ್ತಿಗೆ ಅಷ್ಟು ದೊಡ್ಡ ಗೇಟು ಸದ್ದಿಲ್ಲದೆ ಸರಿಯಿತು.

ನನ್ನ ಕಣ್ಣು ಯಾಕೋ ಮಂಜಾಯಿತು. ನಡುರಾತ್ರಿ ಬ್ಯಾಟರಿ ಹಿಡಿದು ನಾಲೆ ಏರಿ ಮೇಲೆ ಹೋಗುತ್ತಿದ್ದ ಇವರ ಬೆನ್ನು ನೆನಪಾಯಿತು. ಆ ಕೆಲಸಕ್ಕೆ ನಾಚಿಕೊಂಡವಳು ನಾನೊಬ್ಬಳೇ. ಅವರಿಗೂ ಮಗನಿಗೂ ಆ ನಾಚಿಕೆ ಇರಲೇ ಇಲ್ಲ.

ಮರುದಿನ ಬೀಗರು ಫೋನಿನಲ್ಲಿ, "ಏನು ನೋಡಿದ್ರಿ?" ಅಂದರು. "ಅಲ್ಲಿನ ನೀರುಗಂಟಿ ಜೊತೆ ನಮ್ಮನೆ ನೀರುಗಂಟಿ ಗೇಟು ತಳ್ಳಿದ್ದನ್ನ ನೋಡಿದೆ" ಅಂದೆ.